ಗಡಸು ನೀರಿನ ತಪ್ಪಿಗೆ ಹುಡುಗಿಯರ ಜಡೆ

ವಿದ್ಯಾರ್ಥಿನಿಲಯಗಳ ತನಿಖೆ ಮಾಡುವ ಮಾನ್ಯ ಅಧಿಕಾರಿಗಳೇ,

ಹೋದ ತಿಂಗಳು ಮಳವಳ್ಳಿಯ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದ ತಾವು, ಕೊಳಕಿಯರೆಂದು ಬೈದು ಹುಡುಗಿಯರ ಜಡೆಗಳಿಗೆ ಕತ್ತರಿ ಹಾಕಿಸಿ ಹೋದಿರಿ. ತಪ್ಪು ಅವರದಲ್ಲ, ತಾವೇ ಮಂಜೂರು ಮಾಡಿದ ಬೋರ್‌ವೆಲ್ಲಿನ ನೀರಿನದು. ಇದು ಊರಿಗೆಲ್ಲ ತಿಳಿಯಲೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಕಳೆದ ಬೇಸಿಗೆಯವರೆಗೂ ಹಾಸ್ಟೆಲಿಗೆ ನಾಲೆಯ ನೀರು ಬರುತ್ತಿತ್ತು. ಅದನ್ನು ನಿಲ್ಲಿಸಿ ಬೋರ್‌ವೆಲ್ ಕೊರೆಸಿದಿರಿ, ಉದ್ಘಾಟನೆಯ ದಿನ ಹಾರವನ್ನೂ ಹಾಕಿಸಿಕೊಂಡಿರಿ. ಆ ನೀರು ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶಕ್ಕೆ ಸೋಪು ಸೇರಿದರೆ ನೊರೆಯ ಬದಲು ಒಡೆದ ಹಾಲಿನಂಥ ಬಿಳಿ ಗಷ್ಟು ಬರುತ್ತದೆ, ಕೂದಲಿಗೆ ಅಂಟುತ್ತದೆ. ಹೆಚ್ಚು ಉಜ್ಜಿದಷ್ಟೂ ಹೆಚ್ಚು ಅಂಟುತ್ತದೆ. ಸೀಗೆಪುಡಿಗೆ ಈ ಕಾಟವಿಲ್ಲ. ಆದರೆ ಅದರಿಂದ ಬಚ್ಚಲು ಕಟ್ಟಿಕೊಳ್ಳುತ್ತದೆಂದು ನಿಷೇಧಿಸಿ, ತಲೆಗೂ ಬಟ್ಟೆಗೂ ಒಂದೇ ಬಾರ್ ಸೋಪು ಎಂದು ಆಜ್ಞೆ ಮಾಡಿದವರು ಯಾರು? ಸೀಸೆಯಲ್ಲಿ ಬರುವ ಶಾಂಪೂ ಗಡಸು ನೀರಿನಲ್ಲೂ ಗಷ್ಟು ಕಟ್ಟುವುದಿಲ್ಲ. ತಮ್ಮ ಬಚ್ಚಲಿನಲ್ಲಿ ಅದು ಇರಬಹುದು. ಈ ವಿಷಯ ತಮ್ಮ ತಲೆಗೆ ಹತ್ತದಿರುವುದು ಸಹಜ.

ಅಂದು ಸುದ್ದಿ ಕೇಳಿ ಶಾಲೆಯಿಂದ ಓಡಿಬಂದೆ. ತಮ್ಮೆದುರೇ ಒಂದು ಸೀಸೆಗೆ ನಾಲೆಯ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ತುಂಬಿ, ಅದೇ ಸೋಪು ಹಾಕಿ ಕುಲುಕಿದೆ. ಒಂದರಲ್ಲಿ ಕತ್ತಿನವರೆಗೂ ನೊರೆ, ಇನ್ನೊಂದರಲ್ಲಿ ಬರೀ ಗಷ್ಟು. ನೋಡಿದಿರಿ. "ಪಾಠವನ್ನು ಶಾಲೆಯಲ್ಲಿ ಮಾಡಿ, ಪಂಕಜಮ್ಮನವರೇ" ಎಂದು ಕತ್ತರಿ ಹಿಡಿದವನಿಗೆ ಕೈಸನ್ನೆ ಮಾಡಿದಿರಿ.

ಆಗ ಸರದಿಯಲ್ಲಿ ನಿಂತಿದ್ದವಳು ದೇವಿರಮ್ಮ, ದುದ್ದದ ರೈತ ನಿಂಗಯ್ಯನ ಮಗಳು, ಹತ್ತನೆಯ ತರಗತಿ. ಅವಳ ಜಡೆ ಸೊಂಟ ದಾಟುತ್ತಿತ್ತು. ಅವಳು ಅಳಲಿಲ್ಲ. ಬಿದ್ದ ಜಡೆಯನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಮರುದಿನ ನಿಂಗಯ್ಯ ಬಂದು ಮಗಳ ಪೆಟ್ಟಿಗೆ ಹೊತ್ತುಕೊಂಡ.

"ಓದ್ಲಿ ಅಂತ ಕಳಿಸ್ದೆ ಕಣಮ್ಮ. ಜಡೆ ಕತ್ತರ್ಸವ್ರೆ. ಊರೋರು ಏನ್ ತಪ್ಪು ಮಾಡಿದ್ಲು ಅಂತ ಕೇಳ್ತಾರೆ, ನಾನೇನ್ ಏಳ್ಲಿ?"

"ತಪ್ಪು ನೀರಿನದು ನಿಂಗಯ್ಯ" ಎಂದೆ.

"ನೀರ್ಗೆ ಯಾರೂ ಬಯ್ಯಲ್ಲ ಬುಡಿ" ಎಂದು ಹೊರಟುಬಿಟ್ಟ.

ಹೋದ ಭಾನುವಾರ ದುದ್ದಕ್ಕೆ ಹೋಗಿದ್ದೆ. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ತಲೆಗೆ ಟವೆಲು ಸುತ್ತಿಕೊಂಡು ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಪರೀಕ್ಷೆಗಾದರೂ ಬಾ ಎಂದೆ.

"ಕೂದ್ಲು ಬತ್ತದೆ ಬುಡಿ ಮೇಡಂ. ಎಲ್ರ ಮುಂದೆ ಕೊಳಕಿ ಅಂದ್ರಲ್ಲ, ಅದ ಯಾವ ನೀರಲ್ ತೊಳ್ಕಳ್ಳಿ?"

ಹದಿನೆಂಟು ವರ್ಷ ವಿಜ್ಞಾನ ಕಲಿಸಿದ ನಾನು ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಆಜ್ಞೆ ಮಾಡಿದ ತಮಗೆ ಉತ್ತರ ತಿಳಿದಿದೆಯೇ?

ನಾಲೆಯ ನೀರನ್ನು ಹಾಸ್ಟೆಲಿಗೆ ಮತ್ತೆ ಬಿಡಿ. ಸೀಗೆಪುಡಿಗೆ ಹಾಕಿದ ನಿಷೇಧ ತೆಗೆಯಿರಿ. ಆದರೆ ಅದಕ್ಕೂ ಮೊದಲು ಜೀಪು ಹತ್ತಿ ದುದ್ದಕ್ಕೆ ಬನ್ನಿ. ಅವಳ ಊರಿನವರೆದುರು, ಅವಳ ಅಪ್ಪನೆದುರು, "ನಿನ್ನದು ತಪ್ಪಿಲ್ಲ, ಶಾಲೆಗೆ ಬಾರಮ್ಮ" ಎಂದು ತಮ್ಮ ಬಾಯಿಂದಲೇ ಹೇಳಿ. ಮಾರ್ಚಿನಲ್ಲಿ ಪರೀಕ್ಷೆ. ಕೂದಲು ಬೆಳೆಯುವವರೆಗೆ ಅದು ಕಾಯುವುದಿಲ್ಲ.

ಇಂತಿ, ಈ ಪತ್ರಕ್ಕೆ ಉತ್ತರವಾಗಿ ವರ್ಗಾವಣೆಯನ್ನೇ ನಿರೀಕ್ಷಿಸುತ್ತಿರುವ
ಪಂಕಜಮ್ಮ, ವಿಜ್ಞಾನ ಶಿಕ್ಷಕಿ
ಮಳವಳ್ಳಿ, ಜನವರಿ ೧೯೭೮