ಪಿತ್ತದ ಮುಲ್ಲರಮ್ಮನ ಭಾನುವಾರ

ಅತ್ತಿಗೆ,

ಈ ಆರೋಗ್ಯಧಾಮಕ್ಕೆ ಬಂದು ಮೂರು ವಾರವಾಯಿತು. ಇಲ್ಲಿ ಡಾಕ್ಟರೂ ಮುಲ್ಲರ್, ಎದುರಿನ ಬ್ರೆಡ್ ಅಂಗಡಿಯೂ ಮುಲ್ಲರ್, ರೋಗಿಗಳಲ್ಲಿ ನಾವು ಐದು ಜನ ಮುಲ್ಲರಮ್ಮಂದಿರು. ಗುರುತಿಗೆಂದು ನರ್ಸ್ ನಮ್ಮ ಹೆಸರಿಗೆ ಕಾಯಿಲೆ ಅಂಟಿಸಿದ್ದಾಳೆ. ಪಿತ್ತಕೋಶದಲ್ಲಿ ಕಲ್ಲಿರುವ ನಾನು ಪಿತ್ತದ ಮುಲ್ಲರಮ್ಮ.

ಶನಿವಾರ ಹೊಸ ನರ್ಸೊಬ್ಬಳು ಬಂದು, "ಮುಲ್ಲರಮ್ಮ, ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ನಾಳೆ ಹನ್ನೊಂದರ ರೈಲಿಗೆ ಬರ್ತಾರಂತೆ," ಅಂದಳು. ನಿಮ್ಮ ತಮ್ಮನಿಗೆ ಕೊನೆಗೂ ನನ್ನ ನೆನಪಾಯಿತು ಅಂದುಕೊಂಡೆ. ಕೂದಲು ಸುರುಳಿ ಮಾಡಿಸಿಕೊಂಡು ಸ್ಟೇಷನ್ನಿನಲ್ಲಿ ನಿಂತೆ. ಪ್ಲಮ್ ಕೇಕ್ ಹಿಡಿದು ಇಳಿದವನೊಬ್ಬ ನನ್ನನ್ನೇ ಕೇಳಿದ, "ಆರೋಗ್ಯಧಾಮ ಎಲ್ಲಿ ಬರುತ್ತಮ್ಮ? ನನ್ನ ಹೆಂಡ್ತಿ ಮುಲ್ಲರ್ ಅಂತ, ಮಂಡಿ ಆಪರೇಷನ್ ಆದವಳು."

ನಾನೇ ಕರೆತಂದು ಬಿಟ್ಟೆ.

"ಬನ್ನಿ ಪಿತ್ತದಮ್ಮ, ಒಂದು ತುಂಡು ತಗೊಳ್ಳಿ. ನಿಮ್ಮವರೂ ಬಂದಾರು," ಅಂದಳು ಮಂಡಿಯವಳು. ನನ್ನ ಪಿತ್ತಕ್ಕೆ ಕೇಕ್ ಆಗದು ಅಂತ ಗೊತ್ತಿದ್ದೂ ತಿಂದೆ. ರಾತ್ರಿಯೆಲ್ಲ ನೋವು.

ಇದನ್ನು ಲಕೋಟೆಯಲ್ಲಿ ಹಾಕಬಹುದಿತ್ತು. ಅಂಚೆಯವನೂ ಓದಲಿ ಅಂತಲೇ ಕಾರ್ಡಿನಲ್ಲಿ ಬರೆದೆ. ನಮ್ಮೂರಲ್ಲೂ ಮುಲ್ಲರ್‌ಗಳಿಗೇನು ಬರವಿಲ್ಲ. ಹೆಂಡತಿಯನ್ನು ನೋಡಲು ಬಾರದವನು ಬೇರೆ ಯಾರ ಗಂಡನೋ ಅಂತ ಅಂಚೆಯವನು ಅಂದುಕೊಳ್ಳಬಾರದಲ್ಲ, ಅದಕ್ಕೇ ನಿಮ್ಮ ತಮ್ಮನ ಪೂರ್ತಿ ಹೆಸರು ಬರೆಯುತ್ತಿದ್ದೇನೆ: ಸೇತುವೆ ಬೀದಿಯ ವಾಲ್ಡೆಮಾರ್ ಮುಲ್ಲರ್.

ಹೆಡ್ವಿಗ್