ಪ್ಲಗ್ ಕಿತ್ತಿದ್ದು ಕಾರಣವಲ್ಲ

ಅತ್ತೆಯವರಿಗೆ ನಮಸ್ಕಾರ.

ನಾದಿನಿಯ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಮಗನ ಕಂಪ್ಯೂಟರ್ ಕೆಟ್ಟು, ಹಾಲ್‌ನಲ್ಲಿರುವ ಬ್ಯಾಕಪ್ ಡ್ರೈವಿನಲ್ಲೂ ಅವರು ಬರೆದ ಕಟ್ಟಡದ ನಕ್ಷೆಗಳು ಸಿಗದೆ ಹೋದಾಗ, "ಇಸ್ತ್ರಿ ಮಾಡೋಕೆ ನೀನು ಪ್ಲಗ್ ಕಿತ್ತಿದ್ದಕ್ಕೇ ಹೀಗಾಯ್ತು" ಎಂದು ನಿಮ್ಮ ಮೇಲೆ ಹರಿಹಾಯ್ದರಲ್ಲ, ಅದು ನಿಜವಲ್ಲ.

ನಿನ್ನೆ ನಾನೇ ಕೂತು ನೋಡಿದೆ. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಡ್ರೈವ್ ತಾನಾಗಿಯೇ ಎದ್ದು ಕೂರುತ್ತದೆ. ಬೇಸಿಗೆಯಲ್ಲಿ ಇವರೇ ಅದರ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರಿಗೆ ಹೊಸದನ್ನು ಕೊಡಲು ಮರೆತಿದ್ದಾರೆ. ಅದು ಪಾಪ, ಹಳೆಯದನ್ನೇ ಹಿಡಿದುಕೊಂಡು ದಿನವೂ ಬಾಗಿಲು ತಟ್ಟಿ ವಾಪಸ್ಸಾಗಿದೆ. "ಬ್ಯಾಕಪ್ ಆಗಿಲ್ಲ" ಎಂಬ ಸೂಚನೆಯನ್ನು ಇವರು ಪ್ರತಿ ಸಲವೂ ಓದದೆ ಮುಚ್ಚಿದ್ದಾರೆ.

ನಕ್ಷೆಗಳು ಹೋದವು. ಮೊದಲಿನಿಂದ ಬರೆಯುತ್ತಿದ್ದಾರೆ.

ವಿಷಯ ತಿಳಿಸಿದಾಗ, "ಅಮ್ಮನಿಗೆ ನೀನೇ ಹೇಳಿಬಿಡು" ಎಂದರು. "ಬೈದವರು ನೀವು, ಹೇಳೋರೂ ನೀವೇ" ಎಂದೆ.

ಭಾನುವಾರ ನಿಮ್ಮನ್ನು ಕರೆದುಕೊಂಡು ಬರಲು ಅವರೇ ಬರುತ್ತಾರೆ. ಬಿಸಿಲು, ಬಸ್ಸು ಅಂತ ಊರ ಮಾತೆಲ್ಲ ಆಡುತ್ತಾರೆ. ಆಡಲಿ ಬಿಡಿ. "ತಪ್ಪಾಯ್ತಮ್ಮ" ಅನ್ನುವ ತನಕ ಮಾತ್ರ ಬಟ್ಟೆ ಜೋಡಿಸಿಕೊಳ್ಳಬೇಡಿ.

ಇಂತಿ,
ನಿಮ್ಮ ಸೊಸೆ