ಕೆರೆಯ ಮೆಟ್ಟಿಲಿನ ಹನ್ನೊಂದು ಕಲ್ಲು

ತೂಬಿನಕೊಪ್ಪ, ಕೆರೆ ನಮ್ಮ ಕೈಗೆ ಬಂದ ಎಂಬತ್ತೆರಡನೇ ವರ್ಷ. ಹಳೆಯ ಎಣಿಕೆಯಲ್ಲಿ ೨೨೯೪.

ಮುಂದೆ ಈ ಊರಿನಲ್ಲಿ ಹುಟ್ಟಲಿರುವವರೇ, ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸೀತು, ಕೆಲವು ಶಬ್ದ ಅರ್ಥವೂ ಆಗಲಿಕ್ಕಿಲ್ಲ. ಹೊಟ್ಟೆಗೆ ಹಾಕಿಕೊಳ್ಳಿ. ನಾನು ಸಂಕವ್ವ, ಇಲ್ಲಿನ ಹೆಸರುಗಾತಿ. ಅಂದರೆ ವರ್ಷಕ್ಕೊಮ್ಮೆ ಸತ್ತವರ ಹೆಸರನ್ನು ಗಟ್ಟಿಯಾಗಿ ಕೂಗಿ ಕರೆಯುವವಳು. ಅಜ್ಜಿಯಿಂದ ಬಂದ ಕೆಲಸ.

ಅಜ್ಜಿಯ ಕಾಲದಲ್ಲಿ ಬೇಲಿಯವರೆಂಬ ಜನ ನಮ್ಮ ಕೆರೆಯ ಸುತ್ತ ತಂತಿ ಬಿಗಿದು ಹತ್ತೊಂಬತ್ತು ವರ್ಷ ಊರನ್ನು ಕಾಲಡಿ ಇಟ್ಟುಕೊಂಡಿದ್ದರು. ಮನೆಗೊಂದು ಕೊಡ ನೀರು, ಅದಕ್ಕೂ ಇಡೀ ದಿನದ ದುಡಿಮೆ. ನಮ್ಮನ್ನು ಬಿಡಿಸಿದವರು ನಮ್ಮವರಲ್ಲ, ಉಪ್ಪುನಾಡಿನವರು. ಕಡಲು ಅವರ ದ್ವೀಪಗಳನ್ನು ನುಂಗಿದ ಮೇಲೆ ತೆಪ್ಪದೂರುಗಳಲ್ಲಿ, ನೀರ ಮೇಲೆ ಕಟ್ಟಿದ ಊರುಗಳಲ್ಲಿ, ಬದುಕುತ್ತಿದ್ದ ಜನ. ನಮ್ಮ ಭಾಷೆಯ ಒಂದಕ್ಷರ ಬಾರದೆಯೂ ಬೇಲಿಯವರೊಡನೆ ಕಾದಾಡಲು ಬಂದ ಅವರ ಸಿಪಾಯಿಗಳಲ್ಲಿ ಹನ್ನೊಂದು ಮಂದಿ ಕೆರೆಯ ತೂಬಿನ ಬಾಯಲ್ಲೇ ಸತ್ತರು. ಊರು ಹನ್ನೊಂದು ವೀರಗಲ್ಲು ನಿಲ್ಲಿಸಿತು. ಕೆಳಗೆ ಕಾದಾಟ, ನಡುವೆ ಅವರ ದೋಣಿ, ಮೇಲೆ ಸೂರ್ಯ ಚಂದ್ರ. ಒಂದೊಂದು ಕಲ್ಲಿಗೆ ಒಂದೊಂದು ಮನೆ. ಹೆಸರು ಕರೆಯುವ ದಿನ ಆ ಮನೆಯವರು ಕಲ್ಲಿಗೆ ಎಣ್ಣೆ ಸವರಿ, ರೊಟ್ಟಿ, ಎಣಗಾಯಿ ಪಲ್ಯ, ತುಂಬಿದ ತಂಬಿಗೆ ನೀರು ಇಡಬೇಕು. ನಾನು ಕೂಗಿದಾಗ ಸತ್ತವನ ಪರವಾಗಿ ಆ ಮನೆಯ ಒಬ್ಬರು "ಅದೀನಿ" ಅನ್ನಬೇಕು, ಇದ್ದೇನೆ ಅಂತ. ನಮ್ಮ ಮನೆಯ ಪಾಲಿಗೆ ಬಂದ ಕಲ್ಲು ತವೀಟಾನದು. ಚಿಕ್ಕವನಿದ್ದಾಗ ನನ್ನ ತಮ್ಮ ದುಂಡಪ್ಪ ಅವನ ಪರವಾಗಿ ಎಷ್ಟು ಜೋರಾಗಿ ಕಿರುಚುತ್ತಿದ್ದನೆಂದರೆ ಜನ ನಗುತ್ತಿದ್ದರು. ಈಗ ಅವನೇ ಊರಗೌಡ.

ಕಳೆದ ತಿಂಗಳು ಆ ಸಿಪಾಯಿಗಳ ಮೊಮ್ಮಕ್ಕಳು, ಮರಿಮಕ್ಕಳು, ನಲವತ್ಮೂರು ಜನ, ನಡೆದು ಬಂದು ನಮ್ಮ ಅಗಸೆ ಬಾಗಿಲಲ್ಲಿ ಕುಳಿತರು. ಬಿರುಗಾಳಿಗೆ ಅವರ ತೆಪ್ಪದೂರು ಒಡೆದುಹೋಗಿತ್ತು. ಕೇಳಿದ್ದು ನೀರು ಮತ್ತು ಇರಲಿಕ್ಕೊಂದು ಜಾಗ, ಅಷ್ಟೇ. ಪಂಚರು ಬಾಗಿಲು ಹಾಕಿಸಿ, ಯೋಚನೆ ಮಾಡಿ ಹೇಳುತ್ತೇವೆ ಅಂದರು. ಅವತ್ತು ಸಂಜೆ ದುಂಡಪ್ಪ ನನ್ನ ಮನೆಗೆ ಬಂದ. "ಅಕ್ಕಾ, ಆ ಕಲ್ಲಿನ ಬುಡದಾಗ ಏನೋ ಬರದಾರಂತಲ್ಲ, ಅದು ನಿನಗಷ್ಟ ಗೊತ್ತಂತ. ಹೇಳ ನೋಡೂಣು" ಅಂದ. ನಮ್ಮಲ್ಲಿ ಆಣೆಯನ್ನು ಮಣ್ಣಿಗೆ ಒಪ್ಪಿಸುವುದು ರೂಢಿ. ಕಲ್ಲಿನ ಹೂತ ಭಾಗದಲ್ಲಿ ಕೆತ್ತುತ್ತಾರೆ, ಹೆಸರುಗಾತಿ ಅದನ್ನು ಬಾಯಿಪಾಠ ಮಾಡಿಟ್ಟುಕೊಳ್ಳುತ್ತಾಳೆ. ಪಂಚರಿಗೆ ತೋರಿಸಿ ಬಾಗಿಲು ತೆಗೆಸುತ್ತಾನೆಂದು ಖುಷಿಯಲ್ಲಿ ಹೇಳಿಬಿಟ್ಟೆ. 'ಇವರ ಮಕ್ಕಳ ಮಕ್ಕಳಿಗೂ ಈ ಕೆರೆಯ ನೀರು, ಈ ಊರಿನ ನೆಲ ಸಲ್ಲುವುದು. ಇಲ್ಲವೆಂದವನೇ ಬೇಲಿಯವನು.' ಅಯ್ಯೋ, ಎಂಥ ಹುಚ್ಚಿ ನಾನು! ಹೋಗುವಾಗ ಒಂದು ಬಟ್ಟಲು ಪಾಯಸ ಬೇರೆ ಕುಡಿಸಿ ಕಳಿಸಿದೆ.

ಬೆಳಗಾದಾಗ ಹನ್ನೊಂದು ಕಲ್ಲೂ ಇರಲಿಲ್ಲ, ಗುಂಡಿಗಳಷ್ಟೇ ಇದ್ದವು. ಕೆರೆಗೆ ಓಡಿದೆ. ನೀರಿನಂಚಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲು ಮಾಡಿ, ಮುಖ ಕೆಳಗಾಗಿ, ಗಾರೆ ಹಾಕಿ ಕೂರಿಸಿದ್ದರು. ತಮ್ಮನ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ಎತ್ತದೆ ಎಲೆಗೆ ಸುಣ್ಣ ಸವರುತ್ತ, "ಅಷ್ಟು ಮಂದಿಗೆ ನೀರ ಎಲ್ಲಿಂದ ತರೂದ? ನಾಕು ದಿನಾ ಆದ್ರ ನೀನೂ ಮರೀತಿ ಬಿಡಕ್ಕಾ" ಅಂದ. ಕೆರೆ ಅವತ್ತು ತುಂಬಿ ಕೋಡಿ ಬಿದ್ದಿತ್ತು.

ನಿನ್ನೆ ಹೆಸರು ಕರೆಯುವ ದಿನ. ಎಡೆ ಯಾರೂ ತರಲಿಲ್ಲ, ಏನಾಗುತ್ತದೋ ನೋಡಲಿಕ್ಕೆ ಮಾತ್ರ ಎಲ್ಲರೂ ಬಂದಿದ್ದರು. ಖಾಲಿ ಗುಂಡಿಯ ಮುಂದೆ ನಿಂತು "ತವೀಟಾ" ಅಂತ ಕೂಗಿದೆ. ದುಂಡಪ್ಪ ನೆಲ ನೋಡಿದ. ಎರಡನೇ ಸಲ ಕೂಗಿದೆ. ಆಗ ಮುಚ್ಚಿದ ಅಗಸೆಯ ಆಚೆಯಿಂದ, ನಮ್ಮ ಮಾತು ಸರಿಯಾಗಿ ಹೊರಳದ ನಾಲಿಗೆಯಲ್ಲಿ, ಒಂದು ಹೆಣ್ಣುದನಿ "ಅದೀನಿ" ಅಂದಿತು. ತವೀಟಾನ ಮೊಮ್ಮಗಳು ಲೋಸಾ. ತೂಬಿನಕೊಪ್ಪದವರು ತಮ್ಮ ಅಜ್ಜಂದಿರಿಗಾಗಿ ವರ್ಷವೂ ಹೀಗೆ ಅನ್ನುತ್ತಾರೆಂದು ಆ ಒಂದೇ ಶಬ್ದವನ್ನು ಅವರ ಮನೆಗಳಲ್ಲಿ ಕಲಿಸುತ್ತ ಬಂದಿದ್ದರಂತೆ. ಹನ್ನೊಂದು ಹೆಸರಿಗೂ ಹೊರಗಿನಿಂದಲೇ ಉತ್ತರ ಬಂತು. ಒಳಗಿನವರು ಬಾಗಿಲು ತೆಗೆಯಲಿಲ್ಲ.

ಇವತ್ತು ಅವರು ಬಡಗಣ ದಾರಿ ಹಿಡಿಯುತ್ತಿದ್ದಾರೆ. ನಾನೂ ಜೊತೆಗೆ ಹೊರಟಿದ್ದೇನೆ. ಈ ಕೆರೆಯ ನೀರು ಇನ್ನು ನನಗೆ ಬೇಡ. ಈ ಕಾಗದವನ್ನು ತೂಬಿನ ಗೋಡೆಯ ಸಂದಿಯಲ್ಲಿ ಇಟ್ಟು ಹೋಗುತ್ತೇನೆ. ನಿಮಗೆ ಸಿಕ್ಕರೆ, ಒಗೆಯುವ ಬಟ್ಟೆ ಪಕ್ಕಕ್ಕಿಟ್ಟು ಆ ಕಲ್ಲುಗಳನ್ನು ಮಗುಚಿ ನೋಡಿ. ಎತ್ತಿ ನಿಲ್ಲಿಸಿ. ಹೆಸರು ಕರೆಯಿರಿ, ಆದರೆ ಅಗಸೆ ಬಾಗಿಲು ತೆಗೆದಿಟ್ಟು ಕರೆಯಿರಿ. ನನಗಾಗಿ ಹನ್ನೆರಡನೇ ಕಲ್ಲು ನಿಲ್ಲಿಸುವ ಉಸಾಬರಿ ಮಾತ್ರ ಬೇಡ. ಯಾರೋ ನನ್ನ ಹೆಸರು ಕೂಗಿ, ದುಂಡಪ್ಪನ ಮನೆಯವರು "ಅದೀನಿ" ಅಂದರೆ ನಂಬಬೇಡಿ. ನಾನು ಅಲ್ಲಿಲ್ಲ.